ಇದು ಬೋಗ್‌ಸ್ಟಾವ್ ಅಲ್ಲ, ಬ್ರೆವ್

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಇಂಗ್ಲಿಷ್ ಪದ, ಅದರ ಅರ್ಥ, ಅದರ ಡ್ಯಾನಿಷ್ ಅನುವಾದ ಅಂತ ಮೂರು ಕಾಲಂ ಮಾಡಿ ಅರ್ಧ ಪುಟದ ಪಟ್ಟಿ ಹಾಕಿದ್ರಿ. ಡೆನ್ಮಾರ್ಕಿಗೆ ಓದೋಕೆ, ಕೆಲಸಕ್ಕೆ ಹೊರಟಿರೋರಿಗೆ ಉಪಯೋಗ ಆಗ್ಲಿ ಅಂತ ಹಾಕಿರ್ತೀರಿ, ಕನ್ನಡ ಪತ್ರಿಕೆಲಿ ಡ್ಯಾನಿಷ್ ನೋಡಿ ನನಗಂತೂ ಖುಷಿನೇ ಆಯ್ತು. ನಾನು ಡೆನ್ಮಾರ್ಕಿನ ಆರ್‌ಹುಸ್ ಊರಲ್ಲಿ ಇದೀನಿ, ನಿಮ್ಮ ಪೇಪರ್‌ನ ದಿನಾ ಫೋನಲ್ಲೇ ಓದೋದು. ಆದ್ರೆ ಪಟ್ಟಿಯ ಐದನೇ ಸಾಲಿಗೆ ಬಂದಾಗ ಕಾಫಿ ಲೋಟ ಕೆಳಗಿಟ್ಟೆ. ‘ಲೆಟರ್’ ಅನ್ನೋ ಇಂಗ್ಲಿಷ್ ಪದಕ್ಕೆ ಅರ್ಥ ‘ಬರೆದು ಕಳಿಸುವ ಪತ್ರ’ ಅಂತ ಸರಿಯಾಗೇ ಕೊಟ್ಟು ಪಕ್ಕದಲ್ಲಿ ಡ್ಯಾನಿಷ್‌ಗೆ ‘ಬೋಗ್‌ಸ್ಟಾವ್’ ಅಂತ ಹಾಕಿದೀರಿ. ಬೋಗ್‌ಸ್ಟಾವ್ ಅಂದ್ರೆ ಅಕ್ಷರ ರೀ, ಅ ಆ ಇ ಈ ಅನ್ನೋ ಅಕ್ಷರ. ಪತ್ರಕ್ಕೆ ‘ಬ್ರೆವ್’ ಅಂತಾರೆ. ಇಂಗ್ಲಿಷಿಗೆ ಎರಡಕ್ಕೂ ಒಂದೇ ಪದ, ಡ್ಯಾನಿಷಿಗೆ ಎರಡು, ನಮಗೂ ಎರಡು. ಕನ್ನಡದಿಂದ ನೇರ ಹೋಗಿದ್ರೆ ಈ ತಪ್ಪು ಆಗ್ತಾನೇ ಇರ್ಲಿಲ್ಲ, ಇಂಗ್ಲಿಷ್ ಮೇಲೆ ಹೋಗಿದ್ದಕ್ಕೆ ಆಗಿದ್ದು. ಈ ಪತ್ರ ಬರೀತಿರೋದೂ ಅದಕ್ಕೇನೇ. ಅಂದಹಾಗೆ ನಾನೀಗ ಬರೀತಿರೋ ಇದಕ್ಕೆ ಡ್ಯಾನಿಷಲ್ಲಿ ‘ಲೇಸರ್‌ಬ್ರೆವ್’ ಅಂತಾರೆ, ಅಂದ್ರೆ ಓದುಗರ ಪತ್ರ. ನಿಮ್ಮ ಪಟ್ಟಿ ಪ್ರಕಾರ ನಾನು ನಿಮಗೊಂದು ಅಕ್ಷರ ಕಳಿಸಿದ ಹಾಗಾಯ್ತು!

(ಡ್ಯಾನಿಷ್ ಪದಗಳನ್ನ ಇಲ್ಲಿ ಅವರ ಸ್ಪೆಲಿಂಗ್ ಹಿಡ್ಕೊಂಡು ಹೆಚ್ಚುಕಮ್ಮಿ ಬರೆದಿದೀನಿ, ಅವರ ಬಾಯಲ್ಲಿ ಕೇಳಿದ್ರೆ ಬೇರೆ ಥರನೇ ಇರುತ್ತೆ, ಅರ್ಧ ಅಕ್ಷರ ನುಂಗಿಬಿಡ್ತಾರೆ. ಅವಳು ಅನ್ನೋ ‘ಹುನ್’ಗೂ ನಾಯಿ ಅನ್ನೋ ‘ಹುಂಡ್’ಗೂ ಇರೋ ವ್ಯತ್ಯಾಸ ಗಂಟಲಲ್ಲಿ ಒಂದು ಸಣ್ಣ ತಡೆ ಮಾತ್ರ, ಅದಕ್ಕೆ ‘ಸ್ಟೊಯ್ಡ್’ ಅಂತ ಹೆಸರು. ಅದನ್ನ ಬರೆಯೋಕೆ ನಮ್ಮ ಲಿಪಿಲೂ ಜಾಗ ಇಲ್ಲ ಅವರ ಲಿಪಿಲೂ ಇಲ್ಲ.)

ಪಟ್ಟಿಲಿ ಇನ್ನೂ ಎರಡು ಕಡೆ ಎಡವಿದೀರಿ. ‘ನಾವೆಲ್’ಗೆ ‘ನೊವೆಲ್ಲೆ’ ಅಂತ ಕೊಟ್ಟಿದೀರಿ. ನೊವೆಲ್ಲೆ ಅಂದ್ರೆ ಸಣ್ಣಕಥೆ. ಕಾದಂಬರಿಗೆ ‘ರೊಮಾನ್’ ಅನ್ನಬೇಕು. ಲೈಬ್ರರಿಲಿ ಕಾದಂಬರಿ ಬೇಕು ಅಂತ ನೊವೆಲ್ಲೆ ಕೇಳಿದ್ರೆ ನಾಲ್ಕು ಪುಟದ ಕಥೆ ಕೊಟ್ಟು ಕಳಿಸ್ತಾರೆ. ಇದು ಹೋಗ್ಲಿ. ಇನ್ನೊಂದು ‘ಇವೆಂಚುವಲಿ’, ಅದಕ್ಕೆ ‘ಇವೆಂಟುಎಲ್ಟ್’ ಅಂತ ಹಾಕಿದೀರಲ್ಲ, ಅದನ್ನ ನೋಡಿ ನನಗೆ ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ, ಯಾಕಂದ್ರೆ ಆ ಪದದಿಂದ ನಾನು ಒಂದು ಶನಿವಾರ ಪೂರ್ತಿ ಕಳ್ಕೊಂಡಿದೀನಿ.

ನಾವು ಇಲ್ಲಿಗೆ ಬಂದ ಮೊದಲ ವರ್ಷ. ಪಕ್ಕದ ಮನೆಯವರನ್ನ ಊಟಕ್ಕೆ ಕರೆದಿದ್ದೆ, ಅವರು ‘ಶನಿವಾರ ಇವೆಂಟುಎಲ್ಟ್ ಬರ್ತೀವಿ’ ಅಂತ ಮೆಸೇಜ್ ಹಾಕಿದ್ರು. ನಾನು ಇಂಗ್ಲಿಷ್ ತಲೆಲಿ ಓದ್ಕೊಂಡೆ, ಓಹೋ ಕೊನೆಗೂ ಶನಿವಾರ ಬರ್ತಾರಂತೆ ಅಂದ್ಕೊಂಡು ಬೆಳಿಗ್ಗೆಯಿಂದ ಅಡುಗೆ ಮಾಡಿ ಮನೆ ಒರೆಸಿ ಕೂತೆ. ಏಳು ಗಂಟೆ ಆಯ್ತು, ಎಂಟಾಯ್ತು, ಒಂಬತ್ತಾಯ್ತು, ಯಾರೂ ಇಲ್ಲ. ಅವರ ಮನೆ ಕಿಟಕಿಲಿ ದೀಪ ಉರೀತಾ ಇದೆ, ಟಿವಿ ಓಡ್ತಾ ಇದೆ! ಸೋಮವಾರ ಕ್ಲಾಸಲ್ಲಿ ಟೀಚರ್‌ನ ಕೇಳಿದಾಗ ಗೊತ್ತಾಯ್ತು, ಇವೆಂಟುಎಲ್ಟ್ ಅಂದ್ರೆ ‘ಆದ್ರೆ ಆಗಬಹುದು’, ‘ಬಂದ್ರೂ ಬರಬಹುದು’. ಮೀಟಿಂಗ್‌ಗಳ ಅಜೆಂಡಾದಲ್ಲಿ ಕೊನೇ ಐಟಂ ಹೆಸರೂ ಇದೇನೇ, ಬೇರೆ ಏನಾದ್ರೂ ವಿಷಯ ಇದ್ರೆ ಅಂತ. ಇಂಗ್ಲಿಷಿನ ಇವೆಂಚುವಲಿಗೆ ‘ಟಿಲ್ ಸಿಡ್ಸ್ಟ್’ ಅನ್ನಬೇಕು, ಇಲ್ಲ ಕಾಲ ಕಳೆದ ಹಾಗೆ ಅನ್ನೋ ಅರ್ಥಕ್ಕೆ ‘ಮೆಡ್ ಟೀಡೆನ್’. ಪಾಪ ಅವರು ಬರಬಹುದು ಅಂತ ಹೇಳಿದ್ರು, ನಾನು ಬಂದೇ ಬರ್ತಾರೆ ಅಂತ ತಿಳ್ಕೊಂಡೆ. ಅವತ್ತು ರಾತ್ರಿ ನಾನು ಮನಸ್ಸಲ್ಲಿ ಅವರಿಗೆ ಏನೇನು ಅಂದ್ಕೊಂಡಿದ್ದೆ ಅನ್ನೋದು ಬೇಡ ಬಿಡಿ.

ಕಣ್ಣಿಗೆ ಇಂಗ್ಲಿಷ್ ಥರನೇ ಕಾಣೋ ಡ್ಯಾನಿಷ್ ಪದಗಳು ಬಹಳ ಇವೆ, ಅವುಗಳಲ್ಲಿ ಅರ್ಧಕ್ಕರ್ಧ ಕೈ ಕೊಡ್ತಾವೆ. ‘ಬಾರ್ನ್’ ಅಂದ್ರೆ ದನದ ಕೊಟ್ಟಿಗೆ ಅಲ್ಲ, ಮಗು. ‘ಶೆಫ್’ ಅಂದ್ರೆ ಅಡುಗೆಯವನಲ್ಲ, ಆಫೀಸಿನ ಬಾಸು, ಅಡುಗೆಯವನು ‘ಕೊಕ್’. ‘ಫಾಬ್ರಿಕ್’ ಬಟ್ಟೆ ಅಲ್ಲ, ಫ್ಯಾಕ್ಟರಿ. ‘ರೆಂಟೆ’ ಬಾಡಿಗೆ ಅಲ್ಲ, ಬಡ್ಡಿ, ಬಾಡಿಗೆ ಬೇಕಾದ್ರೆ ‘ಹುಸ್‌ಲೈಯೆ’. ‘ಬ್ಲಾಂಕೆಟ್’ ಹೊದೆಯೋಕೆ ಆಗಲ್ಲ, ತುಂಬಿಸಬೇಕಾದ ಫಾರಂ ಅದು. ‘ಜಿಮ್ನಾಶಿಯಂ’ಗೆ ಹೋಗಿ ಕಸರತ್ತು ಮಾಡೋಕೆ ಆಗಲ್ಲ, ಅದು ನಮ್ಮ ಪಿಯುಸಿ ಥರದ ಕಾಲೇಜು. ‘ಆಕ್ಟುಎಲ್’ ಅಂದ್ರೆ ಸದ್ಯದ, ಈಗ ಚಾಲ್ತಿಲಿರೋ. ರಸ್ತೆ ಬದಿ ಬೋರ್ಡಲ್ಲಿ ‘ಫಾರ್ಟ್’ ಅಂತ ದೊಡ್ಡದಾಗಿ ಬರೆದಿರ್ತಾರೆ, ಇಂಗ್ಲಿಷಲ್ಲಿ ಮಕ್ಕಳು ಕಿಸಕ್ಕನೆ ನಗೋ ಪದ, ಇಲ್ಲಿ ಬರೀ ವೇಗ ಅಂತ ಅರ್ಥ. ಇನ್ನು ‘ಗಿಫ್ಟ್’. ಅದಕ್ಕೆ ಎರಡು ಅರ್ಥ, ಒಂದು ಮದುವೆಯಾದ, ಇನ್ನೊಂದು ವಿಷ. ತಮಾಷೆಗೆ ಹೇಳ್ತಿಲ್ಲ, ಡಿಕ್ಷನರಿ ತೆಗೆದು ನೋಡಿ. ಮೊದಲ ವಾರದ ಕ್ಲಾಸಲ್ಲೇ ‘ನೀನು ಗಿಫ್ಟಾ?’ ಅಂತ ಕೇಳೋಕೆ ಕಲಿಸ್ತಾರೆ, ನಮ್ಮ ಬ್ಯಾಚಿನಲ್ಲಿ ಇಪ್ಪತ್ತು ಜನ ಇದ್ವಿ, ಒಬ್ಬರಾದ್ರೂ ನಗದೇ ಇದ್ದದ್ದು ನೆನಪಿಲ್ಲ.

ಇಷ್ಟು ಹೇಳಿದೆ ಅಂತ ಇಂಗ್ಲಿಷಿಗೂ ಡ್ಯಾನಿಷಿಗೂ ಸಂಬಂಧನೇ ಇಲ್ಲ ಅಂದ್ಕೋಬೇಡಿ, ಸಂಬಂಧ ಜಾಸ್ತಿ ಇರೋದೇ ತೊಂದರೆ. 865ರಲ್ಲಿ ಡೇನರ (ಅಂದ್ರೆ ಡೆನ್ಮಾರ್ಕಿನೋರ) ದೊಡ್ಡ ಸೈನ್ಯ ಇಂಗ್ಲೆಂಡಲ್ಲಿ ಇಳೀತು, ಲೂಟಿ ಮಾಡಿ ವಾಪಸ್ ಹೋಗ್ಲಿಲ್ಲ, ಉತ್ತರ ಮತ್ತು ಪೂರ್ವದ ಕಡೆ ಹೊಲ ಹಿಡಿದು ಅಲ್ಲೇ ನೆಲೆ ನಿಂತ್ರು, ಆ ಭಾಗಕ್ಕೆ ಡೇನ್‌ಲಾ ಅಂತಲೇ ಹೆಸರಾಯ್ತು. ಆಮೇಲೆ ಡೇನರ ಕ್ನೂಟ್ 1016ರಿಂದ 1035ರವರೆಗೆ ಇಂಗ್ಲೆಂಡಿಗೇ ರಾಜ ಆಗಿದ್ದ. ಇವರ ಮಾತು ಅವರ ಮಾತು ಅಕ್ಕಪಕ್ಕ ಇದ್ದು ಇದ್ದು ಬೆರೆತು ಹೋಯ್ತು. ಡರ್ಬಿ, ವಿಟ್ಬಿ, ಗ್ರಿಮ್ಸ್‌ಬಿ ಈ ಊರುಗಳ ಕೊನೇಲಿರೋ ‘ಬಿ’ ಇದೆಯಲ್ಲ, ಅದು ಊರು ಅನ್ನೋ ಡ್ಯಾನಿಷ್ ‘ಬೂ’. ನೈಫ್, ಲಾ, ಟೇಕ್, ಕೇಕ್, ಆಂಗರ್, ಅಗ್ಲಿ ಎಲ್ಲ ಆ ಕಡೆಯಿಂದ ಬಂದದ್ದು. ದೇ ಮತ್ತು ದೆಮ್ ಅನ್ನೋ ಸರ್ವನಾಮನೂ ಅಲ್ಲಿಂದಲೇ, ಒಂದು ಭಾಷೆ ಇನ್ನೊಂದರಿಂದ ಪಾತ್ರೆ ಪಗಡೆ ಹೆಸರು ತಗೊಳ್ಳೋದು ನೋಡಿದೀವಿ, ‘ಅವರು’ ಅನ್ನೋ ಪದನೇ ಸಾಲ ತಗೊಂಡಿದೆ ಅಂದ್ರೆ ಎಷ್ಟು ಬಳಕೆ ಇದ್ದಿರಬೇಕು ನೀವೇ ಯೋಚನೆ ಮಾಡಿ. ಡೆನ್ಮಾರ್ಕಿನ ದೊಡ್ಡ ಭಾಷಾ ವಿದ್ವಾಂಸ ಒಟ್ಟೊ ಯೆಸ್ಪರ್ಸನ್ ಇದ್ರಲ್ಲ, ಅವರು ಇದನ್ನೇ ಸ್ವಲ್ಪ ಚುಚ್ಚಿ ಹೇಳಿದ್ರು, ಇಂಗ್ಲಿಷರಿಗೆ ಚೆನ್ನಾಗಿ ಬಾಳೋದಕ್ಕೆ, ಕಾಯಿಲೆ ಬೀಳೋದಕ್ಕೆ, ಕೊನೆಗೆ ಸಾಯೋದಕ್ಕೂ ನಮ್ಮ ಕಡೆ ಪದನೇ ಬೇಕು ಅಂತ.

ಮೊಟ್ಟೆ ಕಥೆ ಗೊತ್ತಾ ನಿಮಗೆ? ಇಂಗ್ಲೆಂಡಿಗೆ ಪ್ರಿಂಟಿಂಗ್ ತಂದ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ಒಂದು ಪುಸ್ತಕದ ಮುನ್ನುಡಿಲಿ ಬರೆದಿದ್ದು. ವ್ಯಾಪಾರಿಗಳು ಕೆಲವರು ಥೇಮ್ಸ್ ನದಿಲಿ ಹಡಗು ಹತ್ತಿದ್ರಂತೆ, ಗಾಳಿ ಬೀಸ್ದೆ ನಡುವೆ ಒಂದು ಕಡೆ ನಿಲ್ಲಬೇಕಾಯ್ತು, ಒಬ್ಬ ದಡಕ್ಕೆ ಹೋಗಿ ಒಂದು ಮನೆ ಹೆಂಗಸಿನ ಹತ್ರ ‘ಎಗ್ಸ್’ ಕೊಡಮ್ಮ ಅಂತ ಕೇಳಿದ. ಆಕೆ ‘ನನಗೆ ಫ್ರೆಂಚ್ ಬರಲ್ಲಪ್ಪ’ ಅಂದಳು. ಅವನಿಗೆ ಸಿಟ್ಟು ಬಂತು, ಯಾಕಂದ್ರೆ ಅವನಿಗೂ ಫ್ರೆಂಚ್ ಬರ್ತಿರ್ಲಿಲ್ಲ! ಆಮೇಲೆ ಇನ್ನೊಬ್ಬ ‘ಐರೆನ್’ ಕೊಡಿ ಅಂದ ಮೇಲೆ ಆಕೆಗೆ ಅರ್ಥ ಆಯ್ತು. ಐರೆನ್ ಹಳೇ ಇಂಗ್ಲಿಷ್ ಪದ, ಎಗ್ಸ್ ಡೇನರು ತಂದು ಬಿಟ್ಟು ಹೋದ ಪದ, ಕೊನೆಗೆ ಉಳಿದದ್ದು ಡೇನರದ್ದೇ. ಇವತ್ತಿಗೂ ಡ್ಯಾನಿಷಲ್ಲಿ ಮೊಟ್ಟೆಗೆ ‘ಎಗ್’ ಥರನೇ ಅಂತಾರೆ.

ಈ ನೆಂಟಸ್ತಿಕೆಯಿಂದ ಪಟ್ಟಿ ಮಾಡೋರಿಗೆ ಏನಾಗುತ್ತೆ ಅಂದ್ರೆ, ಪದ ಒಂದೇ ಥರ ಕಾಣ್ಸತ್ತೆ, ಅರ್ಥನೂ ಒಂದೇ ಇರ್ಬೇಕು ಅಂತ ಧೈರ್ಯ ಬಂದುಬಿಡುತ್ತೆ. ಆದ್ರೆ ಸಾವಿರ ವರ್ಷ ಬೇರೆ ಬೇರೆ ಮನೇಲಿ ಬೆಳೆದ ಮಕ್ಕಳು ಒಂದೇ ಥರ ಇರಲ್ಲ. ‘ಸ್ಕೂ’ ಅಂದ್ರೆ ಡ್ಯಾನಿಷಲ್ಲಿ ಈಗಲೂ ಮೋಡ, ಅದೇ ಪದ ಇಂಗ್ಲಿಷಿಗೆ ಹೋಗಿ ಇಡೀ ಆಕಾಶ ಆಗಿ ಕೂತಿದೆ, ಸ್ಕೈ. ಆಕಾಶಕ್ಕೆ ಡೇನರು ‘ಹಿಮ್ಮೆಲ್’ ಅಂತಾರೆ. ಇಂಗ್ಲಿಷಿನ ಹಸ್ಬೆಂಡ್ ಕೂಡ ಹಳೇ ನಾರ್ಸ್ (ಆ ಕಾಲದಲ್ಲಿ ಡೇನರು ಆಡ್ತಿದ್ದ ಭಾಷೆ) ಪದ, ಹುಸ್ ಅಂದ್ರೆ ಮನೆ, ಬೋಂಡಿ ಅಂದ್ರೆ ನೆಲೆಸಿದವನು, ಒಟ್ಟು ಸೇರಿಸಿದ್ರೆ ನಮ್ಮ ಗೃಹಸ್ಥ ಪದನೇ ಅಲ್ವಾ! ಆದ್ರೆ ಡೇನರೇ ಆ ಪದ ಬಳಸೋದು ಬಿಟ್ಟಿದಾರೆ, ಗಂಡನಿಗೆ ಈಗ ‘ಮಾಂಡ್’ ಅಂತಾರೆ, ಮಾಂಡ್ ಅಂದ್ರೆ ಗಂಡಸು ಅಂತನೂ ಹೌದು. ಗಂಡು, ಗಂಡ. ಇಲ್ಲೂ ಕನ್ನಡದೋರಿಗೆ ತಲೆ ಕೆಡಿಸ್ಕೊಳ್ಳೋ ಹಾಗೇ ಇಲ್ಲ. ವಿಂಡೋ ಇದೆಯಲ್ಲ, ಡ್ಯಾನಿಷಲ್ಲಿ ‘ವಿಂಡುವೆ’, ಅದರ ಮೂಲ ಗಾಳಿಯ ಕಣ್ಣು ಅಂತ. ನಮ್ಮ ಗವಾಕ್ಷಿ ಹಸುವಿನ ಕಣ್ಣು. ಕಿಟಕಿ ನೋಡಿದ್ರೆ ಎಲ್ರಿಗೂ ಕಣ್ಣೇ ಯಾಕೆ ನೆನಪಾಗುತ್ತೋ!

ಇಂಗ್ಲಿಷ್ ಕಾಲಂನ ಒಂದು ಸಲ ಕೈಯಲ್ಲಿ ಮುಚ್ಚಿ ಕನ್ನಡಕ್ಕೂ ಡ್ಯಾನಿಷಿಗೂ ನೇರ ತಾಳೆ ನೋಡಿ, ನಾನು ಹೇಳಬೇಕು ಅಂತ ಕೂತಿದ್ದು ಇದನ್ನೇ. ನಿಮ್ಮ ಪಟ್ಟಿಲಿ ‘ಗ್ರ್ಯಾಂಡ್‌ಮದರ್’ ಮುಂದೆ ‘ಬೆಡ್ಸ್ಟೆಮೊರ್’ ಅಂತ ಇದೆ. ತಪ್ಪಲ್ಲ. ಆದ್ರೆ ಇಲ್ಲಿ ಮನೆಗಳಲ್ಲಿ ಕಿವಿಗೆ ಬೀಳೋದು ಹೆಚ್ಚಾಗಿ ‘ಫಾರ್ಮೊರ್’ ಮತ್ತು ‘ಮೊರ್ಮೊರ್’. ಫಾರ್ ಅಂದ್ರೆ ಅಪ್ಪ, ಮೊರ್ ಅಂದ್ರೆ ಅಮ್ಮ, ಹಾಗಾಗಿ ಫಾರ್ಮೊರ್ ಅಪ್ಪನ ಅಮ್ಮ, ಮೊರ್ಮೊರ್ ಅಮ್ಮನ ಅಮ್ಮ. ತಾತನಿಗೂ ಹಂಗೇ, ಫಾರ್‌ಫಾರ್, ಮೊರ್‌ಫಾರ್. ‘ಅಂಕಲ್’ಗೆ ‘ಓಂಕೆಲ್’ ಕೊಟ್ಟು ಮುಗಿಸಿದೀರಿ, ಆದ್ರೆ ಅಮ್ಮನ ತಮ್ಮ ಅಥವಾ ಅಣ್ಣನಿಗೆ ‘ಮೊರ್‌ಬ್ರೋರ್’ ಅಂತ ಬೇರೆ ಪದ ಇದೆ, ಅದು ನಮ್ಮ ಸೋದರಮಾವ. ಅಪ್ಪನ ಕಡೆಯವನಿಗೆ ‘ಫಾರ್‌ಬ್ರೋರ್’, ನಮ್ಮ ಚಿಕ್ಕಪ್ಪ ದೊಡ್ಡಪ್ಪ ಇಬ್ಬರೂ ಅದರಲ್ಲೇ ಬಂದ್ರು, ಅಷ್ಟರಮಟ್ಟಿಗೆ ಕನ್ನಡನೇ ಒಂದು ಹೆಜ್ಜೆ ಮುಂದೆ. ಅಪ್ಪನ ತಂಗಿ ಅಕ್ಕ ಆದ್ರೆ ‘ಫಾಸ್ಟರ್’, ಅಂದ್ರೆ ಸೋದರತ್ತೆ. ಅಮ್ಮನ ತಂಗಿ ಅಕ್ಕ ‘ಮೋಸ್ಟರ್’, ಚಿಕ್ಕಮ್ಮ ದೊಡ್ಡಮ್ಮ. ಇಷ್ಟು ಸಲೀಸಾಗಿ ಕೂಡೋ ಸಂಬಂಧಗಳನ್ನ ಅಂಕಲ್ ಆಂಟಿ ಅನ್ನೋ ಎರಡೇ ಡಬ್ಬಿಗೆ ಹಾಕಿ ಕಲಸಿ, ಆಮೇಲೆ ಆಚೆ ಕಡೆ ಬಿಡಿಸೋಕೆ ಹೋಗೋದು ಯಾಕೆ? ಕಸಿನ್‌ಗೂ ಅಷ್ಟೇ, ಡ್ಯಾನಿಷಲ್ಲಿ ಹುಡುಗ ಆದ್ರೆ ‘ಫೆಟ್ಟರ್’, ಹುಡುಗಿ ಆದ್ರೆ ‘ಕುಸೀನೆ’.

ದಿನಗಳ ಲೆಕ್ಕ ನೋಡಿ. ನಾಡಿದ್ದು ಅನ್ನೋಕೆ ಇಂಗ್ಲಿಷಲ್ಲಿ ಒಂದು ವಾಕ್ಯನೇ ಹೇಳಬೇಕು. ಡ್ಯಾನಿಷಲ್ಲಿ ‘ಓವರ್‌ಮೊರ್ಗೆನ್’, ಮುಗೀತು. ಮೊನ್ನೆಗೆ ‘ಇ ಫೊರ್ಗೊರ್ಸ್’. ಒಂದು ಹಗಲು ಒಂದು ರಾತ್ರಿ ಸೇರಿ ಇಪ್ಪತ್ನಾಲ್ಕು ಗಂಟೆಗೆ ‘ಡೊಯ್ನ್’ ಅಂತಾರೆ, ನಮ್ಮ ಹಳೇ ಪುಸ್ತಕಗಳಲ್ಲಿ ಬರೋ ಅಹೋರಾತ್ರಿ ಇದೆಯಲ್ಲ, ಅದೇ. ಒಂದೂವರೆಗೆ ‘ಹಾಲ್ವ್‌ಆನೆನ್’ ಅಂತ ಒಂದೇ ಪದ. ನಿಮ್ಮ ಪಟ್ಟಿಲಿ ಇವು ಯಾವುದೂ ಇಲ್ಲ, ಯಾಕಿಲ್ಲ ಅಂದ್ರೆ ಇಂಗ್ಲಿಷಲ್ಲಿ ಒಂದೇ ಪದದಲ್ಲಿ ಹೇಳೋಕೆ ಆಗದ್ದು ಇಂಗ್ಲಿಷ್ ಪದದಿಂದ ಶುರು ಆಗೋ ಪಟ್ಟಿಗೆ ಬರೋದೇ ಇಲ್ಲ.

‘ನೋ’ ಅನ್ನೋ ಕ್ರಿಯಾಪದಕ್ಕೆ (ಗೊತ್ತಿರೋದು ಅನ್ನೋ ಅರ್ಥದ್ದು) ನೀವು ‘ವಿದೆ’ ಅಂತ ಒಂದೇ ಕೊಟ್ಟಿದೀರಿ. ಅದು ವಿಷಯ ಗೊತ್ತಿರೋದಕ್ಕೆ ಮಾತ್ರ. ಮನುಷ್ಯರ ಪರಿಚಯ ಇದೆ ಅನ್ನೋಕೆ ‘ಕೆಂದೆ’. ಭಾಷೆ, ವಿದ್ಯೆ, ಪದ್ಯ ಬಾಯಿಪಾಠ ಬರುತ್ತೆ ಅನ್ನೋಕೆ ‘ಕಾನ್’. ‘ಯೈ ಕಾನ್ ಡಾನ್ಸ್ಕ್’ ಅಂದ್ರೆ ನನಗೆ ಡ್ಯಾನಿಷ್ ಬರುತ್ತೆ. ನಾವು ಯಾರಾದ್ರೂ ‘ನನಗೆ ಕನ್ನಡ ಗೊತ್ತು’ ಅಂತ ನೆಟ್ಟಗೆ ಹೇಳ್ತೀವಾ, ಬರುತ್ತೆ ಅಂತೀವಿ, ಇಲ್ಲ ಹಿರಿಯರಾದ್ರೆ ಬಲ್ಲೆ ಅಂತಾರೆ. ಗೊತ್ತು, ಪರಿಚಯ, ಬರುತ್ತೆ, ಮೂರಕ್ಕೆ ಮೂರೂ ಕೂತ್ಕೊಳ್ತು. ಕ್ಲಾಸಲ್ಲಿ ಇಂಗ್ಲಿಷ್ ಮನೆಮಾತಿನ ಇಬ್ಬರು ಈ ಮೂರರಲ್ಲಿ ಒಂದು ತಿಂಗಳು ಒದ್ದಾಡಿದ್ರು, ನನಗೆ ಒಂದು ಸಂಜೆಲಿ ಹತ್ತಿತು. ಹಾಗಂತ ನಾನೇನು ಬುದ್ಧಿವಂತೆ ಅಲ್ಲ, ಕನ್ನಡದ ಪುಣ್ಯ. ‘ಥಿಂಕ್’ ಕೂಡ ಹೀಗೇ, ಅಭಿಪ್ರಾಯ ಹೇಳೋಕೆ ‘ಸೂನೆಸ್’ (ನನಗೆ ಅನ್ಸುತ್ತೆ), ಖಾತ್ರಿ ಇಲ್ಲದೆ ಹೇಳೋಕೆ ‘ಟ್ರೋ’ (ಅಂದ್ಕೊಂಡಿದೀನಿ), ಕೂತು ಯೋಚನೆ ಮಾಡೋದಕ್ಕೆ ‘ಟೆಂಕೆ’. ‘ಈಟ್’ಗೆ ಮನುಷ್ಯರಾದ್ರೆ ‘ಸ್ಪೀಸೆ’, ಪ್ರಾಣಿಗಳಾದ್ರೆ ‘ಏದೆ’. ಉಣ್ಣೋದು, ಮೇಯೋದು ಅಂತ ವ್ಯತ್ಯಾಸ ಇರೋ ಭಾಷೆಯೋರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಆ ‘ವಿದೆ’ ಬಗ್ಗೆ ಒಂದು ಮಾತು, ಅದು ಸಂಸ್ಕೃತದ ವಿದ್ ಧಾತುವಿನ ನೆಂಟ, ನಮ್ಮ ವಿದ್ಯೆ ವೇದ ಇವುಗಳ ದೂರದ ದಾಯಾದಿ. ವಿಜ್ಞಾನಕ್ಕೆ ಇವರು ‘ವಿದೆನ್‌ಸ್ಕಾಬ್’ ಅಂತಾರೆ. ಹಲ್ಲಿಗೆ ‘ಟಾಂಡ್’, ಸಂಸ್ಕೃತದ ದಂತ, ಇಂಗ್ಲಿಷಿನ ಟೂತ್‌ನಲ್ಲಿ ನಡುವಿನ ‘ನ’ ಬಿದ್ದು ಹೋಗಿದೆ, ಡ್ಯಾನಿಷಲ್ಲಿ ಉಳ್ಕೊಂಡಿದೆ. ಪಾದ ಇಲ್ಲಿ ‘ಫೋಡ್’, ಪಿತೃ ಇಲ್ಲಿ ‘ಫಾರ್’. ಪ ಹೋಗಿ ಫ ಆಗೋ ಈ ಲೆಕ್ಕವನ್ನ ಮೊದಮೊದಲು ಹಿಡಿದು ತೋರಿಸಿದೋರಲ್ಲಿ ಒಬ್ಬರು ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್, 1818ರಲ್ಲಿ ಅವರ ಪುಸ್ತಕ ಬಂತು, ಆಮೇಲೆ ಇಂಡಿಯಾ ಸಿಲೋನ್ ಎಲ್ಲ ಸುತ್ತಿ 1823ರಲ್ಲಿ ವಾಪಸ್ ಬಂದ್ರು. ನಮಗೆ ಇದೇನು ಹೊಸದಲ್ಲ, ಹಳಗನ್ನಡದ ಪಾಲ್ ಹಾಲು ಆಗಿದ್ದು, ಪಲ್ ಹಲ್ಲು ಆಗಿದ್ದು ಸ್ಕೂಲಲ್ಲೇ ಓದಿದೀವಿ. ಆ ಕಣ್ಣಿಟ್ಟು ನೋಡಿದ್ರೆ ಇಂಗ್ಲಿಷ್ ಡ್ಯಾನಿಷ್ ಮಧ್ಯೆನೂ ಸುಮಾರು ಪದ ತಾನಾಗೇ ಬಿಚ್ಕೊಳ್ಳುತ್ತೆ, ಶಿಪ್ ‘ಸ್ಕಿಬ್’, ಫಿಶ್ ‘ಫಿಸ್ಕ್’, ಚರ್ಚ್ ‘ಕಿರ್ಕೆ’, ಥಿಂಗ್ ‘ಟಿಂಗ್’. ಪಟ್ಟಿ ಜೊತೆ ಇಂಥ ನಾಲ್ಕು ಸಾಲು ಹಾಕಿದ್ರೆ ಓದೋರಿಗೆ ನೂರು ಪದ ಪುಕ್ಕಟೆ ಸಿಕ್ಕ ಹಾಗೆ.

ಪದ ಕೂಡಿಸೋದ್ರಲ್ಲೂ ಇವರು ನಮ್ಮ ಸಮಾಸದೋರೇ. ಟಿವಿಗೆ ‘ಫ್ಯೆರ್ನ್‌ಸೂನ್’, ಫ್ಯೆರ್ನ್ ದೂರ, ಸೂನ್ ನೋಟ, ದೂರದರ್ಶನ! ಹಿಪ್ಪೊಗೆ ‘ಫ್ಲೋಡ್‌ಹೆಸ್ಟ್’, ಹೊಳೆ ಕುದುರೆ, ನಮ್ಮ ನೀರುಕುದುರೆ. ಡೆಂಟಿಸ್ಟಿಗೆ ‘ಟಾಂಡ್‌ಲೇಗೆ’, ಹಲ್ಲಿನ ಡಾಕ್ಟರ್. ಆಮೆಗೆ ಮಾತ್ರ ‘ಸ್ಕಿಲ್ಡ್‌ಪಾಡ್ಡೆ’, ಗುರಾಣಿ ಹೊತ್ತ ಕಪ್ಪೆ, ಅದನ್ನ ಯಾರು ಕಲ್ಪನೆ ಮಾಡಿದ್ರೋ. ಒಂದು ಎಚ್ಚರಿಕೆ, ಕೂಡಿಸಿ ಬರೀಬೇಕಾದ್ದನ್ನ ಬಿಡಿಸಿ ಬರೆದ್ರೆ ಅರ್ಥನೇ ಬದಲು. ‘ಡಾನ್ಸ್ಕ್‌ಲೇರರ್’ ಅಂತ ಒಟ್ಟಿಗೆ ಬರೆದ್ರೆ ಡ್ಯಾನಿಷ್ ಕಲಿಸೋ ಮೇಷ್ಟ್ರು, ಬಿಡಿಸಿ ಬರೆದ್ರೆ ಡೆನ್ಮಾರ್ಕ್‌ನವರಾದ ಮೇಷ್ಟ್ರು, ಅವರು ಗಣಿತ ಕಲಿಸಬಹುದು. ನಿಮ್ಮ ಪಟ್ಟಿಲಿ ಮೂರು ನಾಲ್ಕು ಕಡೆ ಜಾಗ ಸಾಲದೆ ಪದನ ಎರಡು ಸಾಲಿಗೆ ಒಡೆದಿದೀರಿ, ಅಡ್ಡಗೆರೆನೂ ಇಲ್ಲ.

ಈಗ ಟೈಮಿನ ವಿಷಯ. ‘ಹಾಫ್’ಗೆ ‘ಹಾಲ್ವ್’ ಅಂತ ಕೊಟ್ಟಿದೀರಿ, ಸರಿನೇ, ಆದ್ರೆ ‘ಹಾಲ್ವ್ ಟ್ರೆ’ ಅಂದ್ರೆ ಮೂರೂವರೆ ಅಲ್ಲ, ಎರಡೂವರೆ. ಮೂರನೇದು ಅರ್ಧ ಆಗಿದೆ ಅನ್ನೋ ಲೆಕ್ಕ. ಹಲ್ಲಿನ ಡಾಕ್ಟರ್ ಹತ್ರ ಈ ಅಪಾಯಿಂಟ್‌ಮೆಂಟ್‌ಗೆ ಮುಕ್ಕಾಲು ಗಂಟೆ ತಡ ಮಾಡಿ ಹೋಗಿ, ಬೇಗ ಬಂದಿದೀನಿ ಅಂತ ಹೆಮ್ಮೆಯಿಂದ ಕೂತಿದ್ದೆ ನಾನು. ಇದೇ ಲೆಕ್ಕದಲ್ಲಿ ಅಂಕಿನೂ ಎಣಿಸ್ತಾರೆ. ಐವತ್ತಕ್ಕೆ ‘ಹಾಲ್ವ್‌ಟ್ರೆಡ್ಸ್’, ಇದು ಒಂದು ಉದ್ದ ಪದದ ಮೋಟು ರೂಪ, ಬಿಡಿಸಿದ್ರೆ ಎರಡೂವರೆ ಸಲ ಇಪ್ಪತ್ತು. ಅರವತ್ತು ‘ಟ್ರೆಸ್’, ಮೂರು ಇಪ್ಪತ್ತು. ಎಪ್ಪತ್ತು ಅಂದ್ರೆ ಮೂರೂವರೆ ಇಪ್ಪತ್ತು, ಎಂಬತ್ತು ಅಂದ್ರೆ ನಾಲ್ಕು ಇಪ್ಪತ್ತು, ತೊಂಬತ್ತು ‘ಹಾಲ್ವ್‌ಫೆಮ್ಸ್’ ನಾಲ್ಕೂವರೆ ಇಪ್ಪತ್ತು. ಅದರ ಮೇಲೆ ಬಿಡಿ ಅಂಕಿ ಮೊದಲು ಹೇಳ್ತಾರೆ, 21 ಅಂದ್ರೆ ಒಂದುಮತ್ತಿಪ್ಪತ್ತು. ಫೋನ್ ನಂಬರನ್ನ ಎರಡೆರಡು ಅಂಕಿ ಜೋಡಿಸಿ ಹೇಳೋವಾಗ ಬರ್ಕೊಳ್ಳೋಕೆ ಹೋಗಿ ನೋಡಿ, ಅಳು ಬರುತ್ತೆ. ಇಲ್ಲಿ ಕನ್ನಡನೂ ಕೈ ಹಿಡಿಯಲ್ಲ ಇಂಗ್ಲಿಷೂ ಹಿಡಿಯಲ್ಲ.

‘ಪ್ಲೀಸ್’ಗೆ ನಿಮ್ಮ ಪಟ್ಟಿಲಿ ‘ವೇರ್ ಸೊ ವೆನ್ಲಿ’ ಅಂತ ಇದೆ. ಡ್ಯಾನಿಷಲ್ಲಿ ಪ್ಲೀಸ್‌ಗೆ ಸಮನಾದ ಒಂದೇ ಪದ ಇಲ್ಲ. ನೀವು ಕೊಟ್ಟಿರೋದು ‘ದಯಮಾಡಿ’ ಥರ, ಬೋರ್ಡುಗಳಲ್ಲಿ ಚೆನ್ನ, ಬಾಯಲ್ಲಿ ಸ್ವಲ್ಪ ಅತಿ. ಬೇಕರಿಲಿ ‘ಒಂದು ಕಾಫಿ, ಟಾಕ್’ ಅಂತಾರೆ, ಟಾಕ್ ಅಂದ್ರೆ ಥ್ಯಾಂಕ್ಸ್. ಇಂಗ್ಲಿಷ್ ಜನ ಇದನ್ನ ಕೇಳಿ ಡೇನರು ಒರಟರು ಅಂದುಬಿಡ್ತಾರೆ, ಆದ್ರೆ ನಾವು ಮಾತ್ರ ಮಾತಿಗೊಂದು ಸಲ ದಯವಿಟ್ಟು ಅಂತೀವಾ? ‘ಕೊಡಿ’ ಅಂತೀವಿ, ‘ಕೊಡ್ತೀರಾ’ ಅಂತೀವಿ, ಮರ್ಯಾದೆ ಆ ‘ಇ’ಕಾರದಲ್ಲೇ ಇರುತ್ತೆ. ಟಾಕ್ ಬಳಕೆಗಂತೂ ಕೊನೆ ಇಲ್ಲ, ಊಟ ಆದ ಮೇಲೆ ‘ಟಾಕ್ ಫೊರ್ ಮಾಡ್’ (ಊಟಕ್ಕೆ ಥ್ಯಾಂಕ್ಸ್), ಹೋದ ಸಲ ಭೇಟಿ ಆಗಿದ್ದೋರು ಮತ್ತೆ ಸಿಕ್ಕಾಗ ‘ಟಾಕ್ ಫೊರ್ ಸಿಡ್ಸ್ಟ್’ (ಹೋದ ಸಲದ್ದಕ್ಕೆ ಥ್ಯಾಂಕ್ಸ್). ನನಗೆ ಕಷ್ಟ ಆಗಿದ್ದು ‘ಯು’. ಅದಕ್ಕೆ ‘ಡು’ ಅಂತ ಕೊಟ್ಟಿದೀರಿ, ಸರಿ, ಆದ್ರೆ ಡು ಅಂದ್ರೆ ನೀನು. ನೀವು ಅನ್ನೋಕೆ ‘ಡಿ’ ಅಂತ ಇದೆ, ಅದನ್ನ ಈಗ ಹೆಚ್ಚುಕಮ್ಮಿ ಯಾರೂ ಬಳಸಲ್ಲ, ಮೇಷ್ಟ್ರಿಗೂ ನೀನು, ಡಾಕ್ಟರಿಗೂ ನೀನು, ಮಂತ್ರಿಗೂ ನೀನು. ಎಂಬತ್ತು ದಾಟಿದ ಪಕ್ಕದ ಮನೆ ಅಜ್ಜಿನ ನೀನು ಅಂತ ಮಾತಾಡ್ಸೋಕೆ ನನಗೆ ಒಂದು ವರ್ಷ ಬೇಕಾಯ್ತು, ಈಗಲೂ ಅನ್ನೋವಾಗ ತಲೆ ಸ್ವಲ್ಪ ಬಗ್ಗುತ್ತೆ. ಆಯಮ್ಮನಿಗೆ ಅದು ಯಾಕೆ ಅಂತ ಅರ್ಥ ಆಗಿಲ್ಲ, ಕತ್ತು ನೋವು ಅಂದ್ಕೊಂಡಿದಾರೆ.

ಹೀಗೇ ಮುಂದುವರಿಸೋ ಮನಸ್ಸಿದ್ರೆ ನನ್ನ ಒಂದೆರಡು ಕೋರಿಕೆ. ಡ್ಯಾನಿಷ್ ನಾಮಪದಕ್ಕಿಂತ ಮೊದಲು ‘ಎನ್’ ಅಥವಾ ‘ಎಟ್’ (ಇಂಗ್ಲಿಷಿನ ‘ಎ’, ‘ಆನ್’ ಥರದ್ದು, ಪದದ ಲಿಂಗ ತೋರಿಸುತ್ತೆ) ಯಾವುದು ಅಂತ ಹಾಕ್ಲೇಬೇಕು, ಅದಿಲ್ಲದ ಪಟ್ಟಿ ಅರ್ಧ ಪಟ್ಟಿ, ಕಲಿಯೋರು ಮತ್ತೆ ಎರಡನೇ ಸಲ ಕಲೀಬೇಕಾಗುತ್ತೆ. ‘ಎನ್ ನೊಯ್ಲೆ’ ಅಂದ್ರೆ ಬೀಗದ ಕೈ, ‘ಎಟ್ ನೊಯ್ಲೆ’ ಅಂದ್ರೆ ನೂಲಿನ ಉಂಡೆ. ‘ಆ ಪುಸ್ತಕ’ ಅನ್ನೋವಾಗ ಅದೇ ಎನ್ ಪದದ ಬಾಲಕ್ಕೆ ಹೋಗಿ ಅಂಟುತ್ತೆ, ‘ಬೋಗ್’ ಪುಸ್ತಕ, ‘ಬೋಗೆನ್’ ಆ ಪುಸ್ತಕ. ಪ್ರತ್ಯಯ ಕೊನೆಗೆ ಅಂಟೋದು ನಮಗೇನು ಹೊಸದಾ. ಆಮೇಲೆ ಪ್ರತಿ ಅರ್ಥಕ್ಕೂ ಒಂದು ಪುಟ್ಟ ವಾಕ್ಯ ಕೊಡಿ. ಸ್ಪ್ರಿಂಗ್ ಅಂತ ಬರೆದು ‘ಫೊರೋರ್’ ಅಂದ್ರೆ ಅದು ವಸಂತ ಕಾಲ ಮಾತ್ರ, ಹಾಸಿಗೆಯೊಳಗಿನ ಸ್ಪ್ರಿಂಗ್ ‘ಫ್ಯೇಡರ್’, ನೀರಿನ ಒರತೆ ‘ಕಿಲ್ಡೆ’. ಇಪ್ಪತ್ತು ಪದ ಇದ್ರೆ ಸಾಕು, ವಾಕ್ಯ ಇರ್ಲಿ. ನೂರೈವತ್ತು ಪದ ಹಾಕಿ ಅರ್ಧ ಪುಟ ತುಂಬಿಸೋದ್ರಿಂದ ಯಾರಿಗೂ ಏನೂ ಸಿಗಲ್ಲ.

ತಾಳೆ ನೋಡೋಕೆ ಪರದಾಡಬೇಕಿಲ್ಲ. 2003ರಿಂದ 2005ರ ತನಕ ಆರು ಸಂಪುಟದಲ್ಲಿ ಬಂದ ಡೆನ್ ಡಾನ್ಸ್ಕೆ ಓರ್ಡ್‌ಬೋಗ್ ಅನ್ನೋ ಡ್ಯಾನಿಷ್ ನಿಘಂಟು ಈಗ ನೆಟ್ಟಲ್ಲಿ ಪುಕ್ಕಟೆ ಇದೆ, ಉಚ್ಚಾರಣೆ ಕೇಳಿಸುತ್ತೆ, ಎನ್ ಎಟ್ ತೋರಿಸುತ್ತೆ. ಹಳೇ ಸಾಹಿತ್ಯಕ್ಕೆ 1918ರಿಂದ 1956ರವರೆಗೆ 28 ಸಂಪುಟ ಬಂದ ದೊಡ್ಡ ನಿಘಂಟು ಇದೆ, ಅದೂ ನೆಟ್ಟಲ್ಲೇ ಇದೆ. ಹಳೇ ಪುಸ್ತಕದಿಂದ ಪದ ಎತ್ತೋವಾಗ ಹುಷಾರು, 1948ರಲ್ಲಿ ಸ್ಪೆಲಿಂಗ್ ಬದಲಾಯಿಸಿದ್ರು, ನಾಮಪದಕ್ಕೆಲ್ಲ ದೊಡ್ಡಕ್ಷರ ಹಾಕೋದು ಬಿಟ್ರು, ಎರಡು ‘ಎ’ ಬರೆಯೋ ಕಡೆ ತಲೆ ಮೇಲೆ ಸೊನ್ನೆ ಇರೋ ಒಂದೇ ‘ಎ’ ತಂದ್ರು. ಆ ಅಕ್ಷರ ಅವರ 29 ಅಕ್ಷರಗಳಲ್ಲಿ ಕೊನೇದು. ನಮ್ಮ ಆರ್‌ಹುಸ್ 2011ರಲ್ಲಿ ಮತ್ತೆ ಹಳೇ ಎರಡು ‘ಎ’ಗೇ ವಾಪಸ್ ಹೋಯ್ತು, ಆದ್ರೂ ಡಿಕ್ಷನರಿಲಿ ಅದನ್ನ ಹುಡುಕಬೇಕಾಗಿದ್ದು ಕೊನೇ ಪುಟದಲ್ಲೇ.

ಪತ್ರ ಉದ್ದ ಆಯ್ತು, ನಿಮಗೆ ಜಾಗ ಸಾಲಲ್ಲ ಅಂತ ಗೊತ್ತು. ಕತ್ತರಿ ಹಾಕೋದಾದ್ರೆ ರಾಸ್ಕ್ ಯೆಸ್ಪರ್ಸನ್ ಎಲ್ಲ ತೆಗೆದುಬಿಡಿ, ಅಂಕಿ ಲೆಕ್ಕನೂ ತೆಗೆಯಿರಿ, ಫಾರ್ಮೊರ್ ಮೊರ್ಮೊರ್ ಮತ್ತು ನಾಡಿದ್ದು ಮಾತ್ರ ಉಳಿಸಿ. ಮುಂದಿನ ವಾರ ತಿದ್ದುಪಡಿ ಹಾಕ್ತೀರಿ ಅಂದ್ರೆ ಲೆಟರ್, ನಾವೆಲ್, ಇವೆಂಚುವಲಿ ಈ ಮೂರನ್ನ ತಿದ್ದಿ. ‘ಮ್ಯಾರೀಡ್’ ಮುಂದೆ ‘ಗಿಫ್ಟ್’ ಅಂತ ಇದೆಯಲ್ಲ, ಅದನ್ನ ಯಾರೋ ಅಚ್ಚಿನ ತಪ್ಪು ಅಂತ ಫೋನ್ ಮಾಡೇ ಮಾಡ್ತಾರೆ, ಅದನ್ನ ಮಾತ್ರ ಮುಟ್ಟಬೇಡಿ, ಅದು ಸರಿಯಾಗಿದೆ.

ಇಂತಿ ನಿಮ್ಮ ಓದುಗಳು,
ಆರ್‌ಹುಸ್, ಡೆನ್ಮಾರ್ಕ್